‘ಸರಿ ಡಾಕ್ಟ್ರೇ’ ಎನ್ನುವ ಮೊದಲು: ಚೀಟಿಯ ಔಷಧಗಳನ್ನು ಎಚ್ಚರದಿಂದ ಬಳಸುವ ಬಗೆ

ಮೂರು ವರ್ಷದ ಹಿಂದೆ ಒಂದು ದಿನ ಬೆಳಗಿನ ಜಾವ ನಮ್ಮ ತಾಯಿಯವರು ಹಾಸಿಗೆಯಿಂದ ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೆಳಗೆ ಕುಸಿದರು. ಆಸ್ಪತ್ರೆಯಲ್ಲಿ ನೋಡಿದಾಗ ಬಿ.ಪಿ. 96/60 ಇತ್ತು. ಏನೇನು ಔಷಧ ತೆಗೆದುಕೊಳ್ಳುತ್ತಿದ್ದಾರೋ ಎಲ್ಲವನ್ನೂ ತನ್ನಿ ಎಂದು ವೈದ್ಯರು ಹೇಳಿದ್ದರಿಂದ, ಬಟ್ಟೆ ಅಂಗಡಿಯ ಕವರಿನಲ್ಲಿ ತುಂಬಿಟ್ಟಿದ್ದ ಮಾತ್ರೆಗಳನ್ನು ತಂದು ಅವರ ಮೇಜಿನ ಮೇಲೆ ಸುರಿದೆ. ಅವರು ಅದರಿಂದ ಎರಡು ಸ್ಟ್ರಿಪ್ ಎತ್ತಿ ಪಕ್ಕಪಕ್ಕದಲ್ಲಿಟ್ಟರು. ಎರಡರ ಬಣ್ಣ ಬೇರೆ, ಕಂಪೆನಿ ಬೇರೆ, ದೊಡ್ಡ ಅಕ್ಷರದ ಹೆಸರೂ ಬೇರೆ. ಆದರೆ ತಿರುಗಿಸಿ ನೋಡಿದರೆ ಎರಡರ ಬೆನ್ನ ಮೇಲೂ ಸಣ್ಣ ಅಕ್ಷರದಲ್ಲಿ ಒಂದೇ ಸಾಲು ಇತ್ತು: ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಊರಿನ ವೈದ್ಯರು ವರ್ಷಗಳಿಂದ ಕೊಡುತ್ತಿದ್ದದ್ದು ಒಂದು. ನಗರದ ಹೃದ್ರೋಗ ತಜ್ಞರು ಅದೇ ಔಷಧಕ್ಕೆ ಅಮ್ಲೋಡಿಪಿನ್ ಎಂಬ ಇನ್ನೊಂದು ಬಿ.ಪಿ. ಔಷಧ ಸೇರಿದ್ದ ಜೋಡಿ ಮಾತ್ರೆ ಬರೆದದ್ದು ಇನ್ನೊಂದು. ಎರಡೂ ಸೇರಿ ಬಿ.ಪಿ.ಯನ್ನು ಅಗತ್ಯಕ್ಕಿಂತ ಕೆಳಗಿಳಿಸಿದ್ದವು.

ಇಬ್ಬರು ವೈದ್ಯರಲ್ಲಿ ಯಾರನ್ನೂ ನಾನು ದೂರುವಂತಿರಲಿಲ್ಲ. ಈಗ ಏನು ತೆಗೆದುಕೊಳ್ಳುತ್ತಿದ್ದಾರೆ ಎಂದು ತಜ್ಞರು ಕೇಳಿಯೇ ಇದ್ದರು. ‘ಬಿ.ಪಿ.ಗೆ ಒಂದು ಮಾತ್ರೆ ಇದೆ ಸಾರ್, ಬಿಳಿಯದು’ ಎಂದವನು ನಾನು. ಹಳೆಯದನ್ನು ಬಿಟ್ಟು ಇದನ್ನು ಶುರುಮಾಡಬೇಕೋ, ಅದರ ಜೊತೆಗೇ ಇದನ್ನೂ ಕೊಡಬೇಕೋ ಎಂದು ಕೇಳದೆ, ಏಳುವಾಗ ‘ಸರಿ ಡಾಕ್ಟ್ರೇ’ ಎಂದವನೂ ನಾನೇ.

ನಮ್ಮಲ್ಲಿ ಒಬ್ಬ ರೋಗಿಯ ಔಷಧಗಳ ಪೂರ್ತಿ ಲೆಕ್ಕ ಸಾಮಾನ್ಯವಾಗಿ ಯಾವ ಒಬ್ಬ ವೈದ್ಯರ ಬಳಿಯೂ ಇರುವುದಿಲ್ಲ. ಶುಗರ್‌ಗೆ ಒಬ್ಬರು, ಮಂಡಿ ನೋವಿಗೆ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು ಬರೆಯುತ್ತಾರೆ. ಶೀತಕ್ಕೆ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ಬರುತ್ತದೆ, ನೆಂಟರ ಮನೆಯಿಂದ ಒಂದು ಚೂರ್ಣ ಬರುತ್ತದೆ. ಇವೆಲ್ಲ ಒಂದಕ್ಕೊಂದು ಎದುರಾಗುವುದು ರೋಗಿಯ ಹೊಟ್ಟೆಯಲ್ಲಿ ಮಾತ್ರ. ಆದ್ದರಿಂದ ಅವು ಹೊಟ್ಟೆಗೆ ಇಳಿಯುವ ಮೊದಲೇ ಕಾಗದದ ಮೇಲೆ ಒಂದಾಗಿ ಸೇರುವಂತೆ ಮಾಡುವ ಕೆಲಸ ರೋಗಿಯದ್ದು ಮತ್ತು ಮನೆಯವರದ್ದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ತಡೆಯಬಹುದಾದ ಹಾನಿಯನ್ನು ಕಡಿಮೆ ಮಾಡುವ ಜಾಗತಿಕ ಕಾರ್ಯಕ್ರಮ ಆರಂಭಿಸಿ, ಅದರ ಭಾಗವಾಗಿ ರೋಗಿಗಳು ಪ್ರಶ್ನೆ ಕೇಳಬೇಕಾದ ಐದು ಸಂದರ್ಭಗಳನ್ನು ಗುರುತಿಸಿತು: ಔಷಧ ಶುರುಮಾಡುವಾಗ, ಸೇವಿಸುವಾಗ, ಹೊಸದೊಂದು ಸೇರುವಾಗ, ಮರುಪರಿಶೀಲನೆಯಾಗುವಾಗ, ನಿಲ್ಲಿಸುವಾಗ. ನಾವು ಎಡವಿದ್ದು ಮೂರನೆಯದರಲ್ಲಿ.

ಮೊದಲ ಕೆಲಸ: ಮನೆಯಲ್ಲಿ ಪಟ್ಟಿ ಬರೆಯುವುದು

ವೈದ್ಯರಲ್ಲಿಗೆ ಹೋಗುವ ಹಿಂದಿನ ದಿನ ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ದೊಡ್ಡ ತಟ್ಟೆಗೆ ತಂದು ಹಾಕಿ. ಫ್ರಿಜ್ಜಿನ ಬಾಗಿಲು, ಟಿ.ವಿ. ಪಕ್ಕದ ಡಬ್ಬಿ, ದಿಂಬಿನ ಅಡಿ, ಕೈಚೀಲದ ಒಳಜೇಬು, ಯಾವುದನ್ನೂ ಬಿಡಬೇಡಿ. ಪ್ರತಿಯೊಂದರ ಮೇಲೂ ದೊಡ್ಡದಾಗಿ ಅಚ್ಚಾಗಿರುವುದು ಕಂಪೆನಿ ಇಟ್ಟ ಹೆಸರು. ಅದರ ಕೆಳಗೆ ಅಥವಾ ಹಿಂಬದಿಯಲ್ಲಿ ಸಣ್ಣದಾಗಿ ಇರುವುದು ಔಷಧದ ನಿಜವಾದ ಹೆಸರು ಮತ್ತು ಪ್ರಮಾಣ. ಪಟ್ಟಿಯಲ್ಲಿ ಎರಡೂ ಇರಲಿ, ಆದರೆ ಮೊದಲ ಜಾಗ ಎರಡನೆಯದಕ್ಕೆ. ನಮ್ಮ ಮನೆಯ ಪಟ್ಟಿಯ ಒಂದು ಸಾಲು ಹೀಗಿದೆ:

‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಬಿ.ಪಿ.ಗೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. 2019ರಿಂದ. ಊರಿನ ವೈದ್ಯರು ಬರೆದದ್ದು.’

ಔಷಧವೆಂದರೆ ನುಂಗುವ ಮಾತ್ರೆಯಷ್ಟೇ ಎಂದುಕೊಂಡವರು ಇಲ್ಲಿ ಹಲವನ್ನು ಬಿಟ್ಟುಬಿಡುತ್ತಾರೆ. ಗ್ಲಾಕೋಮಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ ಆಸ್ತಮಾ ಇರುವವರಿಗೆ ಉಸಿರು ಕಟ್ಟಿಸಬಲ್ಲದು, ನಾಡಿಬಡಿತವನ್ನು ನಿಧಾನಗೊಳಿಸಬಲ್ಲದು. ಆದ್ದರಿಂದ ಅದೂ ಪಟ್ಟಿಯಲ್ಲಿರಬೇಕು. ಇನ್ಹೇಲರ್, ಇನ್ಸುಲಿನ್, ಗರ್ಭನಿರೋಧಕ ಮಾತ್ರೆ, ಚರ್ಮಕ್ಕೆ ಹಚ್ಚುವ ಮುಲಾಮು, ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಇವೂ ಇರಬೇಕು. ಹಾಗೆಯೇ ನಾಟಿ ಔಷಧ, ಆಯುರ್ವೇದದ ಗುಳಿಗೆ, ಹೋಮಿಯೋಪಥಿ, ಮನೆಯ ಕಷಾಯ. ‘ಇದು ಬರೀ ಗಿಡಮೂಲಿಕೆ, ಇದರಿಂದ ಏನಾಗುತ್ತದೆ’ ಎಂಬ ಮಾತನ್ನು ನಾನೂ ಆಡಿದ್ದೇನೆ. ಆದರೆ ಕೆಮ್ಮಿಗೆಂದು ದಿನವೂ ಬಹಳ ಕಾಲ ಸೇವಿಸಿದ ಅತಿಮಧುರ ಬಿ.ಪಿ.ಯನ್ನು ಏರಿಸಿ, ರಕ್ತದ ಪೊಟ್ಯಾಸಿಯಂ ಅನ್ನು ಇಳಿಸಬಲ್ಲದು. ಅಶ್ವಗಂಧ ಥೈರಾಯ್ಡ್‌ನ ಲೆಕ್ಕವನ್ನು ಏರುಪೇರು ಮಾಡಬಲ್ಲದು. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್‌ನಂತಹ ಮಾತ್ರೆಯ ಮೇಲೆ ಬೆಳಗ್ಗೆ ಬೆಳಗ್ಗೆ ಹಾಗಲಕಾಯಿ ರಸವನ್ನೂ ಕುಡಿದರೆ ಶುಗರ್ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಅಂಗಡಿಗಳಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿರುವವರು, ಆ ಉಪ್ಪನ್ನು ಅಡುಗೆಗೆ ಬಳಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಪಟ್ಟಿಯ ಕೆಳಗೆ ಮೂರು ವಿಷಯಗಳನ್ನು ಸೇರಿಸಿ. ಯಾವ ಔಷಧದಿಂದ ಹಿಂದೆ ತೊಂದರೆಯಾಗಿದೆ ಮತ್ತು ಆಗ ಏನಾಯಿತು ಎಂಬುದು ಒಂದು. ಮೈತುಂಬ ಗಂಧೆ ಎದ್ದಿತೋ, ಮುಖ ಊದಿತೋ, ಬರೀ ಹೊಟ್ಟೆ ತೊಳಸಿತೋ ಎನ್ನುವುದರ ಮೇಲೆ ವೈದ್ಯರ ತೀರ್ಮಾನ ಬದಲಾಗುತ್ತದೆ. ಮೂತ್ರಪಿಂಡ ಮತ್ತು ಯಕೃತ್ತಿನ ಇತ್ತೀಚಿನ ಲ್ಯಾಬ್ ರಿಪೋರ್ಟ್ ಇನ್ನೊಂದು, ಏಕೆಂದರೆ ಅನೇಕ ಔಷಧಗಳ ಪ್ರಮಾಣವನ್ನು ಅದನ್ನು ನೋಡಿಯೇ ನಿರ್ಧರಿಸುತ್ತಾರೆ. ಮೂರನೆಯದು ಗರ್ಭಿಣಿಯೋ, ಗರ್ಭ ಧರಿಸುವ ಯೋಚನೆ ಇದೆಯೋ, ಹಾಲುಣಿಸುತ್ತಿದ್ದಾರೋ ಎಂಬುದು. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಬಿ.ಪಿ.ಗೆ ಕೊಡುವ ಎನಾಲಪ್ರಿಲ್ ಇವು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಔಷಧಗಳು. ಮಗು ಬೇಕೆಂದುಕೊಂಡಾಗಲೇ ಕೇಳುವುದು ಸರಿ, ತಿಂಗಳು ತಪ್ಪಿದ ಮೇಲಲ್ಲ.

ಎರಡನೆಯದು: ವೈದ್ಯರ ಎದುರು ಕುಳಿತಾಗ

ಟೋಕನ್ ಹಿಡಿದು ಎರಡು ಗಂಟೆ ಕಾದವರಿಗೆ ಒಳಗೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ಆ ಐದು ನಿಮಿಷದಲ್ಲಿ ಪಟ್ಟಿಯನ್ನು ಮೊದಲೇ ಮೇಜಿನ ಮೇಲಿಡಬೇಕು. ಚೀಟಿ ಬರೆದು ಮುಗಿದ ಮೇಲೆ ‘ಅಂದಹಾಗೆ ಡಾಕ್ಟ್ರೇ, ಇನ್ನೊಂದು ಮಾತ್ರೆ ಇದೆ’ ಎಂದರೆ ಅವರು ಎಲ್ಲವನ್ನೂ ಮತ್ತೆ ಯೋಚಿಸಬೇಕಾಗುತ್ತದೆ, ಎಷ್ಟೋ ಸಲ ಯೋಚಿಸಲು ಸಮಯವೂ ಇರುವುದಿಲ್ಲ.

ಬರೆದುಕೊಟ್ಟಂತೆ ಅಲ್ಲ, ನಿಜವಾಗಿ ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೇ ಹೇಳಿ. ದುಡ್ಡಿನ ತಾಪತ್ರಯದಿಂದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರೆ ಅದನ್ನು ಹೇಳಲು ನಾಚಿಕೆ ಬೇಡ. ಹೇಳದಿದ್ದರೆ, ಬಿ.ಪಿ. ಇಳಿದಿಲ್ಲವೆಂದು ವೈದ್ಯರು ಪ್ರಮಾಣವನ್ನು ಇಮ್ಮಡಿ ಮಾಡುತ್ತಾರೆ, ಇಮ್ಮಡಿ ಮಾಡಿದ್ದನ್ನು ರೋಗಿ ಆಸ್ಪತ್ರೆಗೆ ಸೇರಿದಾಗ ದಾದಿಯರು ದಿನವೂ ತಪ್ಪದೆ ಕೊಡುತ್ತಾರೆ, ಆಗ ಬಿ.ಪಿ. ಒಮ್ಮೆಗೇ ಕುಸಿಯುತ್ತದೆ. ಖರ್ಚಿನ ಮಾತು ಮೊದಲೇ ಆಡಿದ್ದರೆ ಅದೇ ಔಷಧವನ್ನು ಜನೌಷಧಿ ಕೇಂದ್ರದಿಂದ ಕೊಳ್ಳಲು ಅನುಕೂಲವಾಗುವಂತೆ ಅದರ ಮೂಲ ಹೆಸರಿನಲ್ಲೇ ಬರೆದುಕೊಡುತ್ತಿದ್ದರು. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸ ಮಾಡುವ ಶುಗರ್ ರೋಗಿಗಳೂ, ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗುವವರೂ, ದಿನಕ್ಕೆ ಎರಡೇ ಹೊತ್ತು ಉಣ್ಣುವವರೂ ಅದನ್ನು ತಾವಾಗಿಯೇ ಹೇಳಬೇಕು. ‘ರಾತ್ರಿ ಊಟದ ನಂತರ’ ಎಂದು ಬರೆಯುವ ವೈದ್ಯರ ಮನಸ್ಸಿನಲ್ಲಿರುವ ರಾತ್ರಿಯೂ ನಿಮ್ಮ ರಾತ್ರಿಯೂ ಒಂದೇ ಆಗಿರಬೇಕಿಲ್ಲ. ಕುಡಿತ, ತಂಬಾಕಿನ ವಿಷಯವೂ ಹಾಗೆಯೇ; ಮೆಟ್ರೊನಿಡಜೋಲ್‌ನಂತಹ ಮಾತ್ರೆ ಬರೆಯುವ ಮೊದಲು ಅದು ತಿಳಿದಿರಬೇಕು.

ನಮ್ಮ ಜನ ವೈದ್ಯರನ್ನು ಏನೂ ಕೇಳುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ‘ಪಥ್ಯ ಏನಾದರೂ ಇದೆಯೇ?’ ಎಂದು ತಪ್ಪದೆ ಕೇಳುತ್ತೇವೆ. ಬದನೆಕಾಯಿ ತಿನ್ನಬಹುದೇ, ಮೊಸರು ಬಿಡಬೇಕೇ ಎಂಬಲ್ಲಿಗೆ ಆ ಪ್ರಶ್ನೆ ನಿಂತುಬಿಡುತ್ತದೆ, ಅಷ್ಟೇ. ಅದೇ ಪ್ರಶ್ನೆಯನ್ನು ಸ್ವಲ್ಪ ಬೆಳೆಸಿದರೆ ಸಾಕು: ಈ ಮಾತ್ರೆಗೂ ನಾನು ತಿನ್ನುವ, ಕುಡಿಯುವ, ನುಂಗುವ ಬೇರೆ ಯಾವುದಕ್ಕೂ ಆಗಿಬರುವುದಿಲ್ಲವೇ? ಬೆಳಿಗ್ಗೆ ಎದ್ದೊಡನೆ ಫಿಲ್ಟರ್ ಕಾಫಿ ಕುಡಿಯುವ ಮನೆಯಲ್ಲಿ ಥೈರಾಯ್ಡ್ ತೊಂದರೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯ ಪಥ್ಯವೆಂದರೆ ಅದನ್ನು ಖಾಲಿ ಹೊಟ್ಟೆಗೆ ನೀರಿನೊಂದಿಗೆ ನುಂಗಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯುವುದು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರವಿಡುವುದು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಅನ್ನು ಹಾಲಿನೊಂದಿಗೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರು ಸೊಪ್ಪನ್ನೇ ಬಿಡಬೇಕಿಲ್ಲ. ಒಂದು ವಾರ ದಿನವೂ ಬಸ್ಸಾರು, ಇನ್ನೊಂದು ವಾರ ಸೊಪ್ಪೇ ಇಲ್ಲ ಎಂಬಂತಾಗದೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಆದರೆ ಮೈಕೈ ನೋವಿಗೆ ಸ್ವಂತ ಬುದ್ಧಿಯಿಂದ ನೋವಿನ ಮಾತ್ರೆ ನುಂಗುವುದು ಅವರ ಪಾಲಿಗೆ ಬದನೆಕಾಯಿಗಿಂತ ಎಷ್ಟೋ ಪಾಲು ಅಪಾಯದ ಅಪಥ್ಯ.

ಚೀಟಿ ಕೈಗೆ ಬಂದ ಮೇಲೆ, ಏಳುವ ಮೊದಲು, ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಒಪ್ಪಿಸಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ‘ಗೊತ್ತಾಯ್ತಾ?’ ಎಂಬ ಪ್ರಶ್ನೆಗೆ ನಮ್ಮ ಬಾಯಿಂದ ‘ಹ್ಞೂಂ’ ತಾನಾಗಿಯೇ ಬಂದುಬಿಡುತ್ತದೆ. ಗೊತ್ತಾಗದವರೂ ಹ್ಞೂಂ ಎನ್ನುತ್ತಾರೆ. ಅದರ ಬದಲು ಹೀಗೆ ಹೇಳಿ: ‘ಅಂದ್ರೆ ಡಾಕ್ಟ್ರೇ, ಹಳೇ ಬಿ.ಪಿ. ಮಾತ್ರೆ ಇವತ್ತಿಂದ ನಿಲ್ಲಿಸ್ತೀವಿ. ಈ ಹೊಸದು ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು. ಈ ಇನ್ನೊಂದು ಐದೇ ದಿನ, ಆಮೇಲೆ ಬೇಡ. ಸರೀನಾ?’ ಇದಕ್ಕೆ ಅರ್ಧ ನಿಮಿಷ ಸಾಕು. ತಪ್ಪಿದ್ದರೆ ವೈದ್ಯರು ಅಲ್ಲೇ ತಿದ್ದುತ್ತಾರೆ. ಒಂದಿಬ್ಬರು ಅಸಹನೆ ತೋರಿಸಬಹುದು; ತೋರಿಸಲಿ. ವೈದ್ಯರಿಗೆ ಕನ್ನಡ ಅಷ್ಟಾಗಿ ಬಾರದಿದ್ದರೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದು ಸಾಮಾನ್ಯ, ಕನ್ನಡ ಬಲ್ಲ ದಾದಿಯನ್ನು ಕರೆಸುವಂತೆ ಕೇಳಲು ಸಂಕೋಚಪಡಬೇಡಿ. ಕಿವಿ ಮಂದವಾದ ಹಿರಿಯರ ಜೊತೆ ಹೋಗುವವರು ಅವರ ಬದಲಿಗೆ ತಾವೇ ಉತ್ತರಿಸದೆ, ಅವರಿಂದಲೇ ಹೇಳಿಸುವುದು ಒಳ್ಳೆಯದು; ಮಾತ್ರೆ ನುಂಗುವವರು ಅವರು.

ಮೂರನೆಯದು: ಚೀಟಿಯನ್ನು ಓದುವುದು

ಚೀಟಿಯ ಸಂಕೇತಗಳು ಕೆಲವೇ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓ.ಡಿ. ದಿನಕ್ಕೊಮ್ಮೆ, ಬಿ.ಡಿ. ದಿನಕ್ಕೆರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಮಲಗುವಾಗ, ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟದ ನಂತರ. ಎಸ್.ಓ.ಎಸ್. ಎಂದರೆ ತೊಂದರೆ ಕಾಣಿಸಿದಾಗ ಮಾತ್ರ. ಅದನ್ನು ಬರೆದಲ್ಲಿ ಎರಡು ಮಾತ್ರೆಗಳ ನಡುವೆ ಎಷ್ಟು ಗಂಟೆ ಬಿಡಬೇಕು, ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಕಣ್ಣಿನ ವೈದ್ಯರ ಚೀಟಿಯಲ್ಲಿ ಓ.ಡಿ. ಎಂದರೆ ಬಲಗಣ್ಣು ಎಂದೂ ಅರ್ಥವಿದೆ ಎಂಬುದು ನೆನಪಿರಲಿ.

ವಾರಕ್ಕೊಮ್ಮೆ ನುಂಗುವ ಮಾತ್ರೆಗಳ ಬಗ್ಗೆ ಇಲ್ಲಿ ತಡೆದು ನಿಲ್ಲಬೇಕು. ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಕೊಡುವ ಮೆಥೊಟ್ರೆಕ್ಸೇಟ್ ಅನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ಮಿಕ್ಕ ಮಾತ್ರೆಗಳಂತೆ ಇದನ್ನೂ ದಿನವೂ ನುಂಗಿದವರಲ್ಲಿ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣವೇ ಹೋದದ್ದಿದೆ. ಇಂತಹ ಔಷಧ ಬರೆದಾಗ ‘ವಾರಕ್ಕೊಂದು’ ಎಂಬುದಷ್ಟೇ ಸಾಲದು; ‘ಪ್ರತಿ ಭಾನುವಾರ’ ಎಂದು ವಾರದ ಹೆಸರನ್ನು ಚೀಟಿಯ ಮೇಲೂ ಸ್ಟ್ರಿಪ್ಪಿನ ಮೇಲೂ ಬರೆಸಿ. ಇದರ ಜೊತೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಯಾವ ದಿನ ತೆಗೆದುಕೊಳ್ಳಬೇಕೆಂಬುದನ್ನೂ ಹಾಗೆಯೇ ಬರೆಸಿಕೊಳ್ಳಿ, ಏಕೆಂದರೆ ಎರಡೂ ಚಿಕ್ಕ ಮಾತ್ರೆಗಳು, ಒಂದಕ್ಕೊಂದು ಅದಲುಬದಲಾಗುವುದು ಸುಲಭ.

ಅಕ್ಷರ ಓದಲು ಬಾರದಿದ್ದರೆ ಅಲ್ಲೇ ಕೇಳಬೇಕು. ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿತ್ತು. ಬ್ರ್ಯಾಂಡ್ ಹೆಸರುಗಳ ಹೋಲಿಕೆ ಎಷ್ಟು ಗಂಭೀರವೆಂಬುದು 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು: ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್, ಎರಡೂ ಮಲೇರಿಯಾದ ಔಷಧಗಳು, ಒಳಗಿನ ವಸ್ತು ಮಾತ್ರ ಬೇರೆ. ಔಷಧಗಳ ಹೆಸರಿನ ವಿಷಯದಲ್ಲಿ ಗೊಂದಲಕ್ಕೆ ಎಡೆಯಾಗದಂತೆ ಹೆಚ್ಚು ಕಟ್ಟುನಿಟ್ಟಾಗಿರಬೇಕೆಂದು ನ್ಯಾಯಾಲಯ ಆಗ ಹೇಳಿತು.

ನಾಲ್ಕನೆಯದು: ಮೆಡಿಕಲ್ ಶಾಪಿನಲ್ಲಿ

ಔಷಧಿ ಅಂಗಡಿಯನ್ನು ನಾವು ಕಿರಾಣಿ ಅಂಗಡಿಯಂತೆ ನೋಡುತ್ತೇವೆ. ದುಡ್ಡು ಕೊಟ್ಟು ಕವರ್ ತೆಗೆದುಕೊಂಡು ಹೊರಡುತ್ತೇವೆ. ಆದರೆ 2015ರ ಫಾರ್ಮಸಿ ವೃತ್ತಿ ನಿಯಮಗಳ ಪ್ರಕಾರ ಔಷಧವನ್ನು ಹೇಗೆ ಬಳಸಬೇಕೆಂದು ರೋಗಿಗೆ ವಿವರಿಸುವುದು ಫಾರ್ಮಸಿಸ್ಟರ ಕೆಲಸದ ಭಾಗ. ಕಾನೂನಿನಂತೆ ಚೀಟಿಯ ಔಷಧಗಳನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ಕೊಡಬೇಕು. ಕೌಂಟರಿನಲ್ಲಿರುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ‘ಫಾರ್ಮಸಿಸ್ಟ್ ಇದ್ದಾರಾ?’ ಎಂದು ಕೇಳಿ. ಸಂಜೆ ಏಳರ ಗದ್ದಲದಲ್ಲಿ ಸಿಗದ ಉತ್ತರ ಮಧ್ಯಾಹ್ನ ಮೂರಕ್ಕೆ ಸಮಾಧಾನದಿಂದ ಸಿಗುತ್ತದೆ.

‘ಈ ಕಂಪೆನಿಯದ್ದು ಇಲ್ಲ, ಸೇಮ್ ಕಂಟೆಂಟ್ ಇನ್ನೊಂದು ಇದೆ’ ಎಂಬ ಮಾತು ದಿನವೂ ಕೇಳಿಬರುತ್ತದೆ. 1945ರ ಔಷಧ ನಿಯಮಗಳು ಷೆಡ್ಯೂಲ್ ಎಚ್ (ವೈದ್ಯರ ಚೀಟಿಗೆ ಮಾತ್ರ ಮಾರಬೇಕಾದ) ಔಷಧಗಳಲ್ಲಿ, ಒಳಗಿನ ವಸ್ತು ಅದೇ ಆಗಿದ್ದರೂ, ಅಂಗಡಿಯವರು ತಾವಾಗಿ ಬದಲಿ ಕೊಡುವುದನ್ನು ಒಪ್ಪುವುದಿಲ್ಲ. ವೈದ್ಯರಿಗೆ ಫೋನ್ ಮಾಡಿ ಕೇಳಿ ಕೊಟ್ಟರೆ ನಿಶ್ಚಿಂತೆ. ಹಾಗೆ ಬದಲಿ ತಂದಾಗ ಹಳೆಯ ಬ್ರ್ಯಾಂಡಿನ ಉಳಿದ ಮಾತ್ರೆಗಳನ್ನು ಬೇರೆಡೆ ತೆಗೆದಿಡಿ, ಇಲ್ಲವಾದರೆ ಎರಡನ್ನೂ ನುಂಗುವ ಅಪಾಯ ನಮ್ಮ ಮನೆಯಲ್ಲಾದಂತೆಯೇ ಎದುರಾಗುತ್ತದೆ. ಸ್ಟ್ರಿಪ್ಪಿನ ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. ಅನೇಕ ಆಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು, ಕೆಲವು ನಿದ್ರೆಯ ಮಾತ್ರೆಗಳು 2014ರಿಂದ ಷೆಡ್ಯೂಲ್ ಎಚ್1 ಎಂಬ ಇನ್ನೂ ಬಿಗಿಯಾದ ಪಟ್ಟಿಯಲ್ಲಿವೆ. ಅವನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಆದ್ದರಿಂದ ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ, ಕೇಳದೆ ಕೊಟ್ಟರೆ ಅನುಮಾನಪಡಿ.

ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುವಾಗ ಹೆಸರಾಗಲಿ, ಅವಧಿ ಮುಗಿಯುವ ದಿನಾಂಕವಾಗಲಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ತುಂಡಾದ ಆ ಬೆಳ್ಳಿ ಕಾಗದದ ಮೇಲೆ ಏನೂ ಓದಲು ಬಾರದಿದ್ದರೆ ಹೆಸರು, ಬ್ಯಾಚ್, ದಿನಾಂಕವನ್ನು ಬಿಲ್ಲಿನಲ್ಲಿ ನೋಡಿಕೊಂಡು, ಮಾತ್ರೆಯನ್ನು ಬಿಲ್ಲಿನ ಜೊತೆಗೇ ಪಿನ್ ಮಾಡಿಡಿ. ಪ್ರತಿ ಸ್ಟ್ರಿಪ್ಪಿನ ಮೇಲೂ ಮಾರ್ಕರ್ ಪೆನ್ನಿನಲ್ಲಿ ‘ಬೆಳಿಗ್ಗೆ 1’, ‘ರಾತ್ರಿ 1’, ‘ಬಿ.ಪಿ.’ ಎಂದು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿದರೆ ಬಹುತೇಕರು ಬರೆದುಕೊಡುತ್ತಾರೆ. ಓದು ಬಾರದವರಿಗೆ ಸೂರ್ಯ, ಚಂದ್ರನ ಗುರುತು ಹಾಕಿದರೂ ನಡೆಯುತ್ತದೆ.

ಶೀತ, ತಲೆನೋವಿಗೆ ತಾವಾಗಿಯೇ ಕೊಳ್ಳುವಾಗಲೂ ಪಟ್ಟಿಯನ್ನು ತೋರಿಸಿ. ಡೋಲೋ, ಕ್ರೋಸಿನ್, ಕಾಲ್ಪಾಲ್ ಎಂದು ಬೇರೆ ಬೇರೆಯಾಗಿ ಕರೆದರೂ ಸಾಮಾನ್ಯವಾಗಿ ಅವುಗಳ ಒಳಗಿರುವುದು ಪ್ಯಾರಸಿಟಮಾಲ್. ಶೀತದ ಜೋಡಿ ಮಾತ್ರೆಗಳಲ್ಲೂ, ನೋವಿನ ಜೋಡಿ ಮಾತ್ರೆಗಳಲ್ಲೂ ಅದೇ ಅಡಗಿರುತ್ತದೆ. ವಯಸ್ಕರಿಗೆ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು. ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಬಿ.ಪಿ.ಗೆ ಟೆಲ್ಮಿಸಾರ್ಟನ್‌ನಂತಹ ಮಾತ್ರೆಯನ್ನೂ ನೀರು ಹೋಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರು ಅದರ ಮೇಲೆ ಐಬುಪ್ರೊಫೆನ್ ಅಥವಾ ಡೈಕ್ಲೊಫಿನ್ಯಾಕ್ ನುಂಗಿದರೆ ಮೂರೂ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಐದನೆಯದು: ಚಮಚ, ಹನಿ, ಸಿರಿಂಜು

ಸಿರಪ್ಪಿಗೆ ‘ಒಂದು ಚಮಚ’ ಎಂದರೆ 5 ಮಿ.ಲೀ., ಅಡುಗೆಮನೆಯ ಚಮಚವಲ್ಲ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಬಳಸಿ, ಎಷ್ಟು ಗೆರೆಗೆ ಎಂದು ಅಂಗಡಿಯಲ್ಲೇ ತೋರಿಸಿಕೊಳ್ಳಿ. ಮಕ್ಕಳ ಜ್ವರದ ಪ್ಯಾರಸಿಟಮಾಲ್ ಹನಿಗಳಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಔಷಧ ಇರುತ್ತದೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ. ಸಿರಪ್ ಮುಗಿದಿದೆಯೆಂದು ಹನಿಯ ಬಾಟಲಿಯಿಂದ ಅದೇ 5 ಮಿ.ಲೀ. ಕೊಟ್ಟರೆ ಮಗುವಿಗೆ 500 ಮಿ.ಗ್ರಾಂ. ಹೋದಂತಾಯಿತು. ಆದ್ದರಿಂದ ಮಕ್ಕಳ ವೈದ್ಯರಿಗೆ ಮಗುವಿನ ಇಂದಿನ ತೂಕ ಹೇಳಿ, ಮನೆಯಲ್ಲಿರುವ ಬಾಟಲಿಯನ್ನೇ ತೋರಿಸಿ ಎಷ್ಟು ಮಿ.ಲೀ. ಎಂದು ಕೇಳಬೇಕು.

ಇನ್ಸುಲಿನ್‌ನಲ್ಲಿ ಇದೇ ಗೊಂದಲ ಇನ್ನೂ ಅಪಾಯಕರ. ನಮ್ಮ ದೇಶದಲ್ಲಿ ಸಿಗುವ ಸೀಸೆಗಳಲ್ಲಿ ಬಹಳಷ್ಟು ಒಂದು ಮಿ.ಲೀ.ಗೆ 40 ಯೂನಿಟ್ಟಿನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನವಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಹೊಸ ಸೀಸೆ ಅಥವಾ ಹೊಸ ಸಿರಿಂಜು ಕೊಂಡಾಗಲೆಲ್ಲ ಎರಡನ್ನೂ ಜೊತೆಗಿಟ್ಟು ಫಾರ್ಮಸಿಸ್ಟರಿಗೆ ತೋರಿಸಿ.

ಹೆಸರಿನ ಮುಂದೆ ಎಸ್.ಆರ್., ಎಕ್ಸ್.ಆರ್., ಇ.ಆರ್. ಎಂದಿರುವ ಮಾತ್ರೆ ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದ್ದು. ನುಂಗಲಾಗದೆಂದು ಅದನ್ನು ಕುಟ್ಟಿ ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಇಳಿಯುತ್ತದೆ. ನುಂಗಲು ಕಷ್ಟವೆಂದು ಹೇಳಿದರೆ ಬೇರೆ ರೂಪದಲ್ಲಿ ಬರೆದುಕೊಡುತ್ತಾರೆ. ಆಸ್ತಮಾಕ್ಕೆ ಯಂತ್ರದಲ್ಲಿಟ್ಟು ಎಳೆಯಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಅದು ಅವರ ದಡ್ಡತನವಲ್ಲ. ಯಾರೂ ಮಾಡಿ ತೋರಿಸಿರುವುದಿಲ್ಲ. ಇನ್ಹೇಲರ್ ಬರೆದರೆ ವೈದ್ಯರ ಎದುರಿಗೇ ಒಮ್ಮೆ ಎಳೆದು ತೋರಿಸಿ, ಸರಿಯಿದೆಯೇ ಎಂದು ಕೇಳಿಯೇ ಏಳಿ. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂಬುದು ಔಷಧದಿಂದ ಔಷಧಕ್ಕೆ ಬೇರೆಯಾದ್ದರಿಂದ ಅದನ್ನೂ ಆಗಲೇ ಕೇಳಿಡಿ. ಮರೆತದ್ದಕ್ಕೆ ಸೇರಿಸಿ ಎರಡು ನುಂಗುವುದು ಮಾತ್ರ ಬೇಡ.

ಆರನೆಯದು: ತೊಂದರೆಯಾದಾಗ ಏನೆಂದು ಹೇಳಬೇಕು

‘ಮಾತ್ರೆ ಹೀಟ್ ಆಯ್ತು ಡಾಕ್ಟ್ರೇ.’ ಈ ಮಾತು ಕನ್ನಡದ ರೋಗಿಗಳ ಬಾಯಲ್ಲಿ ಸದಾ ಇರುತ್ತದೆ, ಆದರೆ ಇದರಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಬಾಯಿ ಹುಣ್ಣೇ, ಎದೆಯುರಿಯೇ, ಉರಿಮೂತ್ರವೇ, ಮೈಮೇಲೆ ಕೆಂಪು ಗುಳ್ಳೆಯೇ? ಮಾತ್ರೆ ಶುರುಮಾಡಿದ ಎಷ್ಟನೇ ದಿನ? ನುಂಗಿದ ಎಷ್ಟು ಹೊತ್ತಿಗೆ? ಇಷ್ಟು ಹೇಳಿದರೆ ಕೆಲಸ ಸಲೀಸು. ರಾಮಿಪ್ರಿಲ್, ಎನಾಲಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಬಿಡದೆ ಒಣಕೆಮ್ಮು ಬರುತ್ತದೆ. ಅಮ್ಲೋಡಿಪಿನ್‌ನಿಂದ ಕಾಲಿನ ಹರಡು ಊದಬಹುದು. ಮೆಟ್‌ಫಾರ್ಮಿನ್ ಶುರುವಿನಲ್ಲಿ ಹೊಟ್ಟೆ ಕೆಡಿಸಬಹುದು. ಇದು ಮಾತ್ರೆಯಿಂದ ಇರಬಹುದೇ ಎಂದು ಕೇಳದಿದ್ದರೆ ಕೆಮ್ಮಿಗೆ ಒಂದು ಸಿರಪ್, ಕಾಲೂತಕ್ಕೆ ನೀರು ಹೋಗಿಸುವ ಇನ್ನೊಂದು ಮಾತ್ರೆ, ಅದರಿಂದ ಸುಸ್ತಾದದ್ದಕ್ಕೆ ಮತ್ತೊಂದು ಟಾನಿಕ್ ಎಂದು ಸರಪಳಿ ಬೆಳೆಯುತ್ತದೆ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಗುರುತುಗಳು ಬೇರೆ: ತುಟಿ, ನಾಲಿಗೆ, ಮುಖ ಊದುವುದು, ಉಸಿರಾಟ ಕಷ್ಟವಾಗುವುದು, ಮೈಮೇಲೆ ಬೊಬ್ಬೆ ಎದ್ದು ಬಾಯಿ, ಕಣ್ಣು ಹುಣ್ಣಾಗುವುದು, ಮಲ ಡಾಂಬರಿನಂತೆ ಕಪ್ಪಗಾಗುವುದು, ಕಣ್ಣು ಹಳದಿಯಾಗುವುದು, ಶುಗರ್ ಔಷಧ ತೆಗೆದುಕೊಳ್ಳುವವರು ಬೆವತು ತಡವರಿಸುವುದು. ಈ ಕೊನೆಯದಕ್ಕೆ, ಪ್ರಜ್ಞೆ ಇದ್ದರೆ, ಮೊದಲು ಸಕ್ಕರೆ ಕೊಟ್ಟು ಆಮೇಲೆ ಓಡಬೇಕು. ಹೋಗುವಾಗ ಮಾತ್ರೆಗಳ ಕವರೂ ಪಟ್ಟಿಯೂ ಜೊತೆಗಿರಲಿ. ಅಡ್ಡಪರಿಣಾಮಗಳನ್ನು ರೋಗಿಗಳೇ ವರದಿ ಮಾಡಲು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ ಇದೆ: 1800-180-3024.

ಏಳನೆಯದು: ನಿಲ್ಲಿಸುವಾಗ, ಊರು ಬಿಡುವಾಗ

ಈಗ ಆರಾಮಾಗಿದೆ ಎಂದು ಮಾತ್ರೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ವಾರಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡ್, ಮೂರ್ಛೆಯ ಮಾತ್ರೆ, ಹೃದಯದ ಮೆಟೊಪ್ರೊಲಾಲ್, ಖಿನ್ನತೆಯ ಮಾತ್ರೆ ಇವುಗಳನ್ನು ಒಮ್ಮೆಗೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ನಿಲ್ಲಿಸಿದ್ದೇ ಒಂದು ಕಾಯಿಲೆಯಾಗುತ್ತದೆ. ಪ್ರತಿ ಹೊಸ ಔಷಧಕ್ಕೂ ‘ಇದು ಎಷ್ಟು ದಿನ? ಮುಗಿದ ಮೇಲೆ ಮತ್ತೆ ತರಬೇಕಾ, ನಿಲ್ಲಿಸಬೇಕಾ?’ ಎಂದು ಕೇಳುವುದರಲ್ಲಿ ಎರಡು ಲಾಭವಿದೆ: ಬಿಡಬಾರದ್ದನ್ನು ಬಿಡುವುದಿಲ್ಲ, ಹತ್ತು ದಿನಕ್ಕೆಂದು ಬರೆದ ಗ್ಯಾಸ್ಟ್ರಿಕ್ ಮಾತ್ರೆಯನ್ನು ಹತ್ತು ವರ್ಷ ನುಂಗುವುದೂ ಇಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಎಲ್ಲರ ಗಮನ ಬಿಲ್ಲಿನ ಮೇಲೆ, ವಿಮೆಯ ಮೇಲೆ ಇರುತ್ತದೆ. ಆದರೂ ಹತ್ತು ನಿಮಿಷ ಕೇಳಿ ಪಡೆದು, ಡಿಸ್ಚಾರ್ಜ್ ಸಮರಿಯನ್ನೂ ನಿಮ್ಮ ಹಳೆಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಪ್ರತಿ ಸಾಲಿಗೂ ಮೂರರಲ್ಲಿ ಒಂದು ಉತ್ತರ ಪಡೆಯಿರಿ: ಮುಂದುವರಿಸಬೇಕು, ನಿಲ್ಲಿಸಬೇಕು, ಬದಲಾಗಿದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೋ ದುಬೈಗೋ ಹೊರಟ ತಂದೆತಾಯಿಗಳು ಮೂಲ ಹೆಸರಿನ ಪಟ್ಟಿಯನ್ನೂ ವೈದ್ಯರ ಚೀಟಿಯನ್ನೂ ಒಯ್ಯಲೇಬೇಕು. ನಮ್ಮ ಬ್ರ್ಯಾಂಡುಗಳ ಹೆಸರು ಅಲ್ಲಿನವರಿಗೆ ತಿಳಿಯುವುದಿಲ್ಲ, ಮೂಲ ಹೆಸರುಗಳೂ ಕೆಲವು ಬೇರೆ. ನಮ್ಮ ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್.

ಪಟ್ಟಿಯನ್ನು ಪ್ರತಿ ಭೇಟಿಯ ನಂತರ ಹೊಸದಾಗಿ ಬರೆದು, ಮೇಲೆ ದಿನಾಂಕ ಹಾಕಿ, ಹಳೆಯದನ್ನು ಹರಿದುಹಾಕಿ. ಎರಡು ಪಟ್ಟಿಗಳಿದ್ದರೆ ಪಟ್ಟಿಯೇ ಇಲ್ಲದ್ದಕ್ಕಿಂತ ಕಷ್ಟ. ನಮ್ಮ ಮನೆಯಲ್ಲಿ ಅದು ಬೀರುವಿನ ಬಾಗಿಲ ಒಳಬದಿಗೆ ಅಂಟಿದೆ, ಅದರ ಫೋಟೊ ನಮ್ಮ ಮೂವರ ಮೊಬೈಲಿನಲ್ಲಿದೆ. ಕಳೆದ ಸಲ ವೈದ್ಯರು ಏಳು ಸಾಲುಗಳಲ್ಲಿ ಒಂದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ‘ಇದು ಯಾಕೆ ಬೇಡ ಅಂತೀರಿ?’ ಎಂದು ತಾಯಿಯವರೇ ಕೇಳಿದರು. ಕಾರಣ ಕೇಳಿಕೊಂಡು, ಉಳಿದ ಆರನ್ನೂ ಒಂದೊಂದಾಗಿ ಅವರಿಗೆ ಒಪ್ಪಿಸಿ, ಆಮೇಲೆ ಎದ್ದರು.